ಮಾಲಿನ ‘ಒಳಪೆಟ್ಟು’ ಮತ್ತು ರಸೀದಿಯ ‘ಷರಾ’

ಮಾನ್ಯರೇ,

ಕಲಬುರಗಿಯ ಗಂಜಿನ (ಸಗಟು ಪೇಟೆಯ) ಬೇಳೆ ಗಿರಣಿಯೊಂದರಲ್ಲಿ ಲೆಕ್ಕ ಬರೆಯುವ ನನಗೆ, ಲಾರಿಯಲ್ಲಿ ಬಂದ ಸಾಮಾನನ್ನು ಇಳಿಸಿಕೊಳ್ಳುವಾಗ ಏನೇನು ನೋಡಬೇಕೆಂಬುದನ್ನು ಗೋದಾಮಿನ ಗೋಡೆಗೆ ಅಂಟಿಸಲು ಒಂದು ಪುಟ ಬರೆದುಕೊಡುವ ಕೆಲಸ ಬಿದ್ದಿದೆ. ನಗ (ಚೀಲ, ಪೆಟ್ಟಿಗೆಗಳ ಸಂಖ್ಯೆ) ಎಣಿಸುವುದು, ತೂಕ ಮತ್ತು ಸೀಲು ನೋಡುವುದು, ಬಿಲ್ಟಿಯೊಂದಿಗೆ (ಲಾರಿಯವರು ಕೊಡುವ ಸಾಗಣೆ ಚೀಟಿಯೊಂದಿಗೆ) ತಾಳೆ ಹಾಕುವುದು ಎಲ್ಲವೂ ಸಲೀಸಾಗಿ ಕನ್ನಡಕ್ಕೆ ಬಂದವು. ತೊಡಕಾದದ್ದು ಎರಡು ಕಡೆ.

ಪೆಟ್ಟಿಗೆ ಹೊರಗೆ ನೆಟ್ಟಗಿದ್ದು, ಒಳಗಿನ ವಸ್ತು ಒಡೆದಿದ್ದರೆ ಅದನ್ನು ಏನೆಂದು ಕರೆಯಬೇಕು? ಕಳೆದ ಮಳೆಗಾಲದಲ್ಲಿ ನಮಗೊಂದು ಮೋಟಾರು ಬಂತು. ಕಟ್ಟಿಗೆಯ ಪೆಟ್ಟಿಗೆಯನ್ನು ಇಳಿಸುತ್ತಿದ್ದ ಹಮಾಲರೊಬ್ಬರು ಅದರ ಮೂಲೆಯನ್ನು ಸವರಿ, “ಮ್ಯಾಲ ಏನೂ ಕಾಣಂಗಿಲ್ರೀ, ಆದ್ರ ಒಳಪೆಟ್ಟು ಬಿದ್ದದ” ಎಂದರು. ಚಾಲಕನ ಅವಸರಕ್ಕೆ ಮಣಿದು ನಾನು ‘ಮಾಲು ಸುಸ್ಥಿತಿಯಲ್ಲಿ ಮುಟ್ಟಿದೆ’ ಎಂಬ ಅಚ್ಚಾದ ಸಾಲಿನ ಕೆಳಗೆ ರುಜು ಹಾಕಿಬಿಟ್ಟೆ. ಎರಡು ದಿನ ಬಿಟ್ಟು ಬಿಚ್ಚಿದಾಗ ಮೋಟಾರಿನ ಬೀಡುಕಬ್ಬಿಣದ ಪಾದದಲ್ಲಿ ಕೂದಲೆಳೆಯಷ್ಟು ಬಿರುಕಿತ್ತು.

ಮೈಗೆ ಸಲ್ಲುವ ‘ಒಳಪೆಟ್ಟು’ ಮಾಲಿಗೂ ಸಲ್ಲುತ್ತದೆಯೇ ಎಂಬುದು ನನ್ನ ಮೊದಲ ಪ್ರಶ್ನೆ. ‘ಅಗೋಚರ ಹಾನಿ’ ಎಂದು ಬರೆದರೆ ಓದುವವರಿಗೆ ಅರ್ಥವೂ ಅಗೋಚರವಾದೀತು. ಆದರೆ ಒಳಪೆಟ್ಟಿಗೂ ಒಂದು ಮಿತಿಯುಂಟು: ತಾಡಪತ್ರಿ ಸೋರಿ ತಳದ ಚೀಲದ ಬೇಳೆ ಮುಗ್ಗಲು ಹಿಡಿದಿದ್ದರೆ ಅದೂ ಹೊರಗೆ ಕಾಣದ ಕೇಡೇ, ಆದರೂ ಅಲ್ಲಿ ಪೆಟ್ಟೆಂಬುದೇ ಇಲ್ಲ. ಎರಡನ್ನೂ ಒಳಗೊಳ್ಳುವ ಆಡುಮಾತಿನ ಪದವೊಂದು ಬೇಕಾಗಿದೆ.

ಎರಡನೆಯದು, ರಸೀದಿಯ ಮೇಲೆ ಕೈಯಿಂದ ಬರೆಯುವ ತಕರಾರಿನ ಸಾಲು. ನಾನು ‘ಷರಾ’ ಎಂದು ಇಟ್ಟಿದ್ದೇನೆ. ಸರಕಾರಿ ನಮೂನೆಗಳ ಕೊನೆಯ ಅಂಕಣದಲ್ಲಿ ಈಗಲೂ ಅಚ್ಚಾಗುವ ಈ ಪದ ಅರಬ್ಬಿಯ, ವಿವರಣೆ ಎಂಬರ್ಥದ ಮಾತಿನಿಂದ ಬಂದದ್ದು. ಮರಾಠಿಯವರು ‘ಶೇರಾ’ ಎನ್ನುತ್ತಾರೆ. ನನ್ನ ಸಹೋದ್ಯೋಗಿಯೊಬ್ಬರ ಆಕ್ಷೇಪವೆಂದರೆ, ‘ಷರಾ ಬರೆದುಬಿಟ್ಟರು’ ಎಂದಾಗ ಕಡೆಯ ತೀರ್ಮಾನ ಕೊಟ್ಟಂತಾಗುತ್ತದೆ, ಇಲ್ಲಿಯಾದರೋ ವ್ಯವಹಾರ ಇನ್ನೂ ಮುಗಿದಿಲ್ಲ. ಅವರು ಸೂಚಿಸುವ ‘ಟಿಪ್ಪಣಿ’ ನನಗೆ ತೀರ ಸಪ್ಪೆ ಎನಿಸುತ್ತದೆ.

ಷರಾದಲ್ಲಿ ‘ನಷ್ಟವಾಗಿದೆ’ ಎಂದಷ್ಟೇ ಬರೆಯುವ ನಮ್ಮ ರೂಢಿಯೂ ಕೆಲಸಕ್ಕೆ ಬಾರದು. 2007ರ ರಸ್ತೆ ಸಾಗಣೆ ಕಾಯ್ದೆಯು ಮಾಲು ಕಳೆದುಹೋಗುವುದನ್ನೂ ಕೆಡುವುದನ್ನೂ ಬೇರೆ ಬೇರೆ ಪದಗಳಲ್ಲಿ ಹೇಳುತ್ತದೆ; ಎರಡರಲ್ಲಿ ಯಾವುದಾದರೂ, ದಾವೆ ಹೂಡುವ ಮೊದಲು, ಬುಕಿಂಗ್ ಆದ ದಿನದಿಂದ 180 ದಿನಗಳೊಳಗೆ ಸಾಗಣೆದಾರರಿಗೆ ಲಿಖಿತ ನೋಟಿಸು ಕೊಟ್ಟಿರಬೇಕು. ಸಂಸ್ಕೃತದಲ್ಲಿ ‘ನಷ್ಟ’ ಎಂದರೆ ಕಾಣೆಯಾದದ್ದು ಎಂಬರ್ಥವಿದ್ದರೂ ಗಂಜಿನಲ್ಲಿ ಅದು ಲಾಭದ ಎದುರಿನ ಮಾತು. ‘ಲುಕ್ಸಾನು’ ಕೂಡ ಹಾಗೆಯೇ ಎಲ್ಲಕ್ಕೂ ಒದಗುತ್ತದೆ. ಆದ್ದರಿಂದ ‘ಎರಡು ನಗ ಕಮ್ಮಿ’, ‘ಮೂಲೆ ಜಜ್ಜಿದೆ, ಒಳಗೆ ನೋಡಿಲ್ಲ’ ಎಂದು ಕಂಡದ್ದನ್ನೇ ಬರೆಯಿರೆಂದು ಸೂಚಿಸಿದ್ದೇನೆ.

ರೈಲ್ವೆಯಲ್ಲಿ ಮಾಲು ಕೆಟ್ಟು ಬಂದಾಗ ಪಡೆಯುವವರು ಕೇಳಿದರೆ ಸಿಬ್ಬಂದಿಯ ಎದುರೇ ಬಿಚ್ಚಿ ನೋಡಿ ಕೊಡುವ ‘ಓಪನ್ ಡೆಲಿವರಿ’ ಇದೆ. ಅದನ್ನು ‘ಬಿಚ್ಚು ಬಟವಾಡೆ’ ಎನ್ನಬಹುದೇ? ‘ಬಟವಾಡೆ’ ಎಂದೊಡನೆ ನಮ್ಮ ಹಮಾಲರಿಗೆ ಪಗಾರದ ನೆನಪಾಗುತ್ತದೆಂಬುದೊಂದೇ ನನ್ನ ಅಳುಕು. ಬೀದರ್, ಯಾದಗಿರಿಯ ಅಡತಿ ಅಂಗಡಿಗಳಲ್ಲಿ ಇದಕ್ಕೆ ಬೇರೆ ಮಾತಿದ್ದರೆ ಬಲ್ಲವರು ತಿಳಿಸಬೇಕೆಂದು ಕೋರುತ್ತೇನೆ.