‘ಬ್ಲೀಪ್’ ಎಂಬುದಕ್ಕೆ ಕನ್ನಡದಲ್ಲಿ ಏನೆಂದು ಬರೆಯಬೇಕು?

ಪ್ರಶ್ನೆ:
ನಾನು ಅನುವಾದಿಸುತ್ತಿರುವ ಇಂಗ್ಲಿಷ್ ಲೇಖನವೊಂದರಲ್ಲಿ ‘ಬ್ಲೀಪ್’ ಎಂಬ ಪದ ಮೂರು ಕಡೆ ಬಂದಿದೆ. ಒಂದು ಕಡೆ ಅದು ಯಂತ್ರ ಹೊರಡಿಸುವ ಸದ್ದು, ಇನ್ನೊಂದು ಕಡೆ ಸಂದರ್ಶನದಲ್ಲಿ ಆಡಿದ ಬೈಗುಳವನ್ನು ಕೇಳಿಸದಂತೆ ಮಾಡುವ ಕ್ರಿಯೆ; ಕೊನೆಯಲ್ಲಿ ದಾದಿಯೊಬ್ಬರು ವೈದ್ಯರನ್ನು ‘ಬ್ಲೀಪ್’ ಮಾಡಿದರು ಎಂದಿದೆ. ಮೂರಕ್ಕೂ ‘ಬೀಪ್’ ಎಂದು ಬರೆದರೆ ತಪ್ಪಾಗುವುದೇ?

ಉತ್ತರ 1:
ಮೊದಲನೆಯದಕ್ಕೆ ‘ಬೀಪ್’ ಧಾರಾಳವಾಗಿ ಸಾಕು. ‘ಬೀಪ್’, ‘ಬ್ಲೀಪ್’ ಎರಡೂ ಸದ್ದನ್ನು ಅನುಕರಿಸಿ ಹುಟ್ಟಿದ ಪದಗಳು. 1957ರ ಅಕ್ಟೋಬರ್ 4ರಂದು ಕಕ್ಷೆ ಸೇರಿದ ಸ್ಪುಟ್ನಿಕ್ ಉಪಗ್ರಹದ ಸಂಕೇತ ರೇಡಿಯೊಗಳಲ್ಲಿ ಕೇಳಿಸಿದ್ದೂ ಇಂಥದ್ದೇ ಸದ್ದಾಗಿ. ನಮ್ಮಲ್ಲಿ ಗಣಗಣ, ಪಟಪಟ, ಗುಂಯ್ ಮುಂತಾದ ಅನುಕರಣಾವ್ಯಯಗಳಿಗೆ ‘ಎನ್ನು’ ಸೇರಿಸಿ ಕ್ರಿಯಾಪದ ಮಾಡಿಕೊಳ್ಳುವ ರೂಢಿ ಇರುವುದರಿಂದ, ‘ಯಂತ್ರ ಬೀಪ್ ಎಂದಿತು’ ಎಂಬ ವಾಕ್ಯ ಯಾರಿಗೂ ಪರಕೀಯವೆನಿಸುವುದಿಲ್ಲ. ಒಂದು ಎಚ್ಚರಿಕೆ ಮಾತ್ರ ಹೇಳಬೇಕು: ರೇಡಾರ್ ಪರದೆಯ ಮೇಲೆ ಮೂಡುವ ಬೆಳಕಿನ ಚುಕ್ಕಿ ‘ಬ್ಲಿಪ್’, ಹ್ರಸ್ವ. ಅದನ್ನು ದೀರ್ಘ ಮಾಡಿದರೆ ಚುಕ್ಕಿಯೇ ಸದ್ದಾಗಿಬಿಡುತ್ತದೆ.

ಉತ್ತರ 2:
ನಾನು ಧ್ವನಿ ಸಂಕಲನದ ಕೆಲಸ ಮಾಡುವವನಾದ್ದರಿಂದ ಎರಡನೆಯ ಅರ್ಥದ ಬಗ್ಗೆ ಹೇಳುತ್ತೇನೆ. ನಮ್ಮಲ್ಲಿ ‘ಇಲ್ಲಿ ಬೀಪ್ ಹಾಕಿ’ ಎನ್ನುತ್ತಾರೆ. ‘ಸೆನ್ಸಾರ್ ಮಾಡಿದರು’ ಎಂದು ಬರೆದರೆ ದೃಶ್ಯವನ್ನೇ ಕತ್ತರಿಸಿದರೆಂದೂ ಅರ್ಥವಾಗಬಹುದು. ‘ಮ್ಯೂಟ್ ಮಾಡಿದರು’ ಎಂದರೆ ಆ ಜಾಗದಲ್ಲಿ ಮೌನ ಇರುತ್ತದೆ. ಬೀಪ್ ಹಾಕುವುದೆಂದರೆ ಮೂಲ ಧ್ವನಿಯನ್ನು ತೆಗೆದು, ಅಷ್ಟೇ ಅವಧಿಗೆ ಸಾಮಾನ್ಯವಾಗಿ 1000 ಹರ್ಟ್ಸ್‌ನ ಏಕಸಮನಾದ ಸ್ವರವನ್ನು ಕೂರಿಸುವುದು.

ಕನ್ನಡದಲ್ಲಿ ಈ ಕೆಲಸಕ್ಕೆ ವಿಶೇಷ ಎಚ್ಚರ ಬೇಕು, ಏಕೆಂದರೆ ನಮ್ಮ ಪ್ರತ್ಯಯಗಳು ಪದದ ಕೊನೆಗೆ ಅಂಟಿಕೊಂಡಿರುತ್ತವೆ. ಬೈಗುಳದ ನಡುಭಾಗವನ್ನಷ್ಟೇ ಮುಚ್ಚಿ, ಆರಂಭದ ವ್ಯಂಜನವನ್ನೂ ಕೊನೆಯ ‘ನೇ’ ಎಂಬ ಸಂಬೋಧನೆಯನ್ನೂ ಬಿಟ್ಟರೆ, ಕೇಳುವವರು ಉಳಿದದ್ದನ್ನು ಕ್ಷಣದಲ್ಲಿ ತುಂಬಿಕೊಳ್ಳುತ್ತಾರೆ. ಹಾಗಾಗಿ ನಾನು ಪದ ಶುರುವಾಗುವುದಕ್ಕಿಂತ ಸ್ವಲ್ಪ ಮೊದಲೇ ಸ್ವರವನ್ನು ಇಟ್ಟು, ಪ್ರತ್ಯಯ ಪೂರ್ತಿ ಮುಗಿಯುವವರೆಗೂ ಎಳೆಯುತ್ತೇನೆ. ನಿಮ್ಮ ವಾಕ್ಯಕ್ಕೆ ‘ಬೈಗುಳಕ್ಕೆ ಬೀಪ್ ಹಾಕಿದ್ದರು’ ಎಂಬುದೇ ಸರಿ.

ಉತ್ತರ 3:
ಮೇಲಿನವರ ಮಾತು ಬರಹಕ್ಕೂ ಅನ್ವಯಿಸುತ್ತದೆ. ಮೊದಲ ಅಕ್ಷರ ಬರೆದು ಮುಂದೆ ನಕ್ಷತ್ರ ಚಿಹ್ನೆ ಇಡುವ ಪದ್ಧತಿ ಇಂಗ್ಲಿಷಿನಿಂದ ಬಂದದ್ದು. ಅಲ್ಲಿ ಹಾಗೆ ಉಳಿಯುವುದು ಹೆಚ್ಚಾಗಿ ಒಂದು ವ್ಯಂಜನ ಮಾತ್ರ, ನಮ್ಮ ಅಕ್ಷರದಲ್ಲಾದರೋ ಸ್ವರವೂ ಕೂಡಿಕೊಂಡಿರುವುದರಿಂದ ಗುಟ್ಟು ಅರ್ಧ ಬಯಲಾದಂತೆಯೇ. ಮೂರನೆಯ ವಾಕ್ಯದಲ್ಲಿ ಮಾತ್ರ ‘ಬೀಪ್’ ಬೇಡ. ಬ್ರಿಟನ್ನಿನ ಆಸ್ಪತ್ರೆಗಳಲ್ಲಿ ವೈದ್ಯರ ಬಳಿ ಇರುವ ಪೇಜರನ್ನೇ (ಕರೆ ಬಂದಾಗ ಸದ್ದು ಮಾಡುವ ಪುಟ್ಟ ಸಾಧನ) ‘ಬ್ಲೀಪ್’ ಎನ್ನುತ್ತಾರೆ. ಅಲ್ಲಿ ಸದ್ದಿಗಿಂತ ಕರೆ ಮುಖ್ಯ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಧನ್ಯವಾದಗಳು. ಲೇಖನವನ್ನು ಮತ್ತೆ ನೋಡಿದೆ. ಆ ಪ್ರಸಂಗ ನಡೆಯುವುದು ಲಂಡನ್ನಿನ ಆಸ್ಪತ್ರೆಯಲ್ಲೇ. ‘ದಾದಿ ಪೇಜರ್ ಮೂಲಕ ವೈದ್ಯರನ್ನು ಕರೆಸಿದರು’ ಎಂದು ತಿದ್ದಿದ್ದೇನೆ.