ಹಕ್ಕಿ ನೋಡಲು ಏನೇನು ಬೇಕು? ಅನುಭವ ಇದ್ದವರು ಹೇಳಿ

ಪ್ರಶ್ನೆ: ಶುಗರ್ ಜಾಸ್ತಿ ಇದೆ ಅಂತ ಡಾಕ್ಟರ್ ದಿನಾ ನಡೆಯಲು ಹೇಳಿದ್ದಾರೆ. ಎರಡು ತಿಂಗಳಿಂದ ಮೈಸೂರಿನ ಕುಕ್ಕರಹಳ್ಳಿ ಕೆರೆ ಸುತ್ತುತ್ತಿದ್ದೇನೆ. ಈಗ ನಡಿಗೆಗಿಂತ ಹಕ್ಕಿ ನೋಡುತ್ತಾ ನಿಲ್ಲುವುದೇ ಜಾಸ್ತಿಯಾಗಿದೆ. ಪಕ್ಕದಲ್ಲಿ ಮಾರುದ್ದದ ಲೆನ್ಸ್ ಹಿಡಿದವರು ಏನೇನೋ ಹೆಸರು ಹೇಳುತ್ತಿರುತ್ತಾರೆ, ನನಗೆ ಕಾಗೆ, ಬೆಳ್ಳಕ್ಕಿ ಬಿಟ್ಟರೆ ಗೊತ್ತಿಲ್ಲ. ಬೈನಾಕ್ಯುಲರ್, ಕ್ಯಾಮೆರಾ ಕೊಳ್ಳಬೇಕಾ? ಎಲ್ಲಿಂದ ಶುರು ಮಾಡಲಿ?

ಸರಸ್ವತಿಪುರಂನಿಂದ: ಸಾರ್, ನೀವು ಆಗಲೇ ಶುರು ಮಾಡಿದ್ದೀರಲ್ಲ. ಕ್ಯಾಮೆರಾ ಮಾತ್ರ ಬೇಡ. ನಾನು ಕಂತಿನಲ್ಲಿ ಒಂದು ಕೊಂಡೆ, ಎರಡು ವರ್ಷ ಹಕ್ಕಿಯ ಕಣ್ಣು ಶಾರ್ಪ್ ಬಂತಾ ಇಲ್ವಾ ಅಂತ ಪರದೆ ನೋಡಿದ್ದೇ ಬಂತು, ಆ ಹಕ್ಕಿ ಏನು ಮಾಡುತ್ತಿತ್ತು ಅಂತ ಮನೆಯಲ್ಲಿ ಕೇಳಿದರೆ ಹೇಳಲು ಬರುತ್ತಿರಲಿಲ್ಲ. ಈಗ ಅದು ಬೀರುವಿನಲ್ಲಿದೆ. ಬೈನಾಕ್ಯುಲರ್ ಬೇಕೇ ಬೇಕು ಅನಿಸಿದರೆ 8×42 ಸಾಕು. ಎಂಟು ಅಂದರೆ ಎಂಟು ಪಟ್ಟು ಹತ್ತಿರ, 42 ಅಂದರೆ ಮುಂದಿನ ಗಾಜಿನ ಅಗಲ, ಮಿಲಿಮೀಟರ್ ಲೆಕ್ಕ. ಹನ್ನೆರಡು ಪಟ್ಟಿನದು ತಂದರೆ ಕೈ ನಡುಗುವುದೂ ಅಷ್ಟೇ ದೊಡ್ಡದಾಗಿ ಕಾಣುತ್ತದೆ.

ಸದ್ಯಕ್ಕೆ ಹೀಗೆ ಮಾಡಿ. ಒಂದು ಸುತ್ತು ಮುಗಿಸಿ ಬೆಂಚಿನ ಮೇಲೆ ಇಪ್ಪತ್ತು ನಿಮಿಷ ಸುಮ್ನೆ ಕೂತುಬಿಡಿ, ಫೋನ್ ಜೇಬಿನಲ್ಲಿರಲಿ. ಮೊದಲ ಐದು ನಿಮಿಷ ಏನೂ ಇರುವುದಿಲ್ಲ. ಆಮೇಲೆ ದಡದಲ್ಲಿ ಮಣ್ಣಿನ ಹೆಂಟೆ ಅಂದುಕೊಂಡಿದ್ದು ಒಂದು ಹೆಜ್ಜೆ ಮುಂದಿಡುತ್ತದೆ. ಅದು ಕೊಳದ ಬಕ. ಮತ್ತೆ ಹತ್ತು ನಿಮಿಷ ಅಲುಗುವುದಿಲ್ಲ, ನಮಗೇ ಕಾಲು ಜೋಮು ಹಿಡಿಯುತ್ತದೆ. ಹಾರಿದರೆ ಅಚ್ಚ ಬಿಳಿ ರೆಕ್ಕೆ, ಇಳಿದು ರೆಕ್ಕೆ ಮಡಚಿತೋ ಮತ್ತೆ ಮಣ್ಣು. ಗುಳುಮುಳುಕ ಅಂತ ಪುಟ್ಟ ನೀರುಹಕ್ಕಿ ಇದೆ, ಅದು ಮುಳುಗಿದಾಗ ಎಲ್ಲಿ ಏಳುತ್ತದೆ ಅಂತ ನನ್ನಲ್ಲೇ ಬಾಜಿ ಕಟ್ಟುತ್ತೇನೆ, ಇವತ್ತಿಗೂ ಸೋಲುತ್ತಿದ್ದೇನೆ. ಹೆಸರು ಆಮೇಲೆ ತಾನಾಗಿ ಬರುತ್ತದೆ.

ರಂಗನತಿಟ್ಟು 2022ರಲ್ಲಿ ರಾಮ್ಸರ್ ಪಟ್ಟಿಗೆ, ಅಂದರೆ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ಪಟ್ಟಿಗೆ ಸೇರಿತು, ಸಂತೋಷ. ಆದರೆ ಭಾನುವಾರ ಹೋದರೆ ಹಕ್ಕಿಗಿಂತ ಜನರನ್ನೇ ಜಾಸ್ತಿ ನೋಡಿ ಬರುತ್ತೀರಿ. ಜನವರಿಯಲ್ಲಿ ನಂಜನಗೂಡು ಕಡೆ ಹದಿನಾರು ಕೆರೆಗೆ ಹೋಗಿ. ಹಿಮಾಲಯ ದಾಟಿ ಬಂದ ಪಟ್ಟೆತಲೆ ಹೆಬ್ಬಾತುಗಳು ಮನೆ ಬಾತುಗಳ ಹಾಗೆ ಆರಾಮಾಗಿ ಮೇಯುತ್ತಿರುತ್ತವೆ.

ಮಂಡ್ಯ ಕಡೆಯಿಂದ: ನಮಗೆ ಹಕ್ಕಿ ನೋಡಲು ಎಲ್ಲೂ ಹೋಗಬೇಕಾಗಿಲ್ಲ ಅಣ್ಣ. ಗದ್ದೆಗೆ ಟ್ರ್ಯಾಕ್ಟರ್ ಇಳಿದರೆ ಹಿಂದೆ ಬೆಳ್ಳಕ್ಕಿ ಸಾಲು, ತಂತಿ ಮೇಲೆ ಕಾಜಾಣ. ತನಗಿಂತ ದೊಡ್ಡ ಕಾಗೆಯನ್ನು ಆ ಕಾಜಾಣ ಅಟ್ಟಾಡಿಸುವುದನ್ನು ನೋಡಬೇಕು, ಉಳುವವನೂ ಗಾಡಿ ನಿಲ್ಲಿಸುತ್ತಾನೆ. ಫೆಬ್ರವರಿ, ಮಾರ್ಚ್‌ನಲ್ಲಿ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿಗೆ ಒಂದು ಸಲ ಬನ್ನಿ. ಮನೆ ಮುಂದಿನ ಹುಣಸೆ ಮರದಲ್ಲೇ ಹೆಜ್ಜಾರ್ಲೆ (ಪೆಲಿಕನ್), ಬಣ್ಣದ ಕೊಕ್ಕರೆ ಗೂಡು ಕಟ್ಟಿರುತ್ತವೆ, ಕೆಳಗೆ ಪಾತ್ರೆ ತೊಳೆಯುವವರು ತಲೆ ಎತ್ತಿ ಕೂಡ ನೋಡುವುದಿಲ್ಲ. ಹೆರಿಗೆಗೆ ತವರಿಗೆ ಬಂದ ಹೆಣ್ಣುಮಕ್ಕಳು ಅಂತಾರೆ. ಹಿಕ್ಕೆ ಗೊಬ್ಬರಕ್ಕಾಗುತ್ತದೆ. ಟೋಪಿ ಇರಲಿ, ಹೊಸ ಅಂಗಿ ಬೇಡ.

ಕುವೆಂಪುನಗರದಿಂದ: ನನ್ನ ತಪ್ಪು ಹೇಳುತ್ತೇನೆ, ನೀವು ಮಾಡಬೇಡಿ. ಬಾಲ್ಕನಿಯ ದಾಸವಾಳದಲ್ಲಿ ಪಿಕಳಾರ (ಬುಲ್‌ಬುಲ್) ಗೂಡು ಕಟ್ಟಿತ್ತು, ಎರಡು ಮರಿ. ದಿನಾ ಎಲೆ ಸರಿಸಿ ಫೋನಲ್ಲಿ ಫೋಟೋ ತೆಗೆದು ಅಕ್ಕನಿಗೆ ಕಳಿಸುತ್ತಿದ್ದೆ. ಎದುರಿನ ಕಂಬದ ಮೇಲೆ ಒಂದು ಕಾಗೆ ಕೂತಿರುತ್ತಿತ್ತು, ಅದು ನೋಡುತ್ತಿದ್ದದ್ದು ನನ್ನ ಕೈಯನ್ನು ಅಂತ ಹೊಳೆಯಲಿಲ್ಲ. ಐದನೇ ದಿನ ಗೂಡು ಖಾಲಿ. ತಾಯಿ ಹಕ್ಕಿ ಬಾಯಲ್ಲಿ ಹುಳ ಹಿಡಿದು ಸಂಜೆವರೆಗೂ ಆ ಗಿಡಕ್ಕೆ ಬಂದು ಬಂದು ಹೋಯಿತು. ಗೂಡು ಕಂಡರೆ ದೂರ ಇರಿ.

ಪ್ರಶ್ನೆ ಕೇಳಿದವರು: ಎಲ್ಲರಿಗೂ ಥ್ಯಾಂಕ್ಸ್. ಇವತ್ತು ಬೆಂಚಿನಲ್ಲಿ ಕೂತೆ. ಬಕ ಅಂದುಕೊಂಡು ಇಪ್ಪತ್ತು ನಿಮಿಷ ನೋಡಿದ್ದು ನಿಜವಾಗಿಯೂ ಹೆಂಟೆಯೇ ಆಗಿತ್ತು. ಆದರೆ ಅದೇ ಹೊತ್ತಿನಲ್ಲಿ ತಲೆ ಮೇಲಿನ ಕೊಂಬೆಯಲ್ಲಿ ಕಪ್ಪು ಬಿಳುಪಿನ ಪುಟ್ಟ ಹಕ್ಕಿ ಬಾಲ ನಿಮಿರಿಸಿಕೊಂಡು ಒಂದೇ ಸಮ ಸಿಳ್ಳೆ ಹಾಕುತ್ತಿತ್ತು. ಯಾವುದದು?

ಸರಸ್ವತಿಪುರಂನಿಂದ: ಮಡಿವಾಳ ಸಾರ್.