ಸಿಎಂಎಸ್‌ಎಕ್ಸ್-4: ರಾಫ್ಟಿಂಗ್ ಆದ ಮೇಲೆ ಕ್ರೀಪ್ ಹೆಚ್ಚುವುದೇ?

ಪ್ರಶ್ನೆ: ಟರ್ಬೈನ್ ಬ್ಲೇಡುಗಳಿಗೆ ಬಳಸುವ ಸಿಎಂಎಸ್‌ಎಕ್ಸ್-4 ಎಂಬ ಈ ಏಕಸ್ಫಟಿಕ (ಇಡೀ ತುಂಡು ಒಂದೇ ಹರಳಾಗಿರುವ) ನಿಕಲ್ ಮಿಶ್ರಲೋಹವನ್ನು [001] ದಿಕ್ಕಿನಲ್ಲಿ, ಅಂದರೆ ಹರಳಿನ ಘನದ ಒಂದು ಅಂಚಿನುದ್ದಕ್ಕೆ, ಎಳೆದಾಗ, 750 ಡಿಗ್ರಿ ಸೆಲ್ಸಿಯಸ್‌ನಲ್ಲಿ ಆಕಾರ ಉಳಿಸಿಕೊಳ್ಳುವ ಗಾಮಾ-ಪ್ರೈಮ್ ಘನಗಳು (ಗಾಮಾ ಎಂಬ ಮೂಲ ಲೋಹದೊಳಗೆ ಹುದುಗಿ ಅದಕ್ಕೆ ಬಲ ಕೊಡುವ ಸೂಕ್ಷ್ಮ ಕಣಗಳು) 1100 ಡಿಗ್ರಿಯಲ್ಲಿ ಎಳೆತಕ್ಕೆ ಲಂಬವಾದ ಪದರಗಳಾಗಿ ಕೂಡಿಕೊಳ್ಳುವುದೇಕೆ (ಇದೇ ರಾಫ್ಟಿಂಗ್)? ಇದರಿಂದ ಕ್ರೀಪ್, ಅಂದರೆ ಬಿಸಿಯಲ್ಲಿ ಹೊರೆ ಹೊತ್ತ ಲೋಹ ನಿಧಾನವಾಗಿ ಹಿಗ್ಗುವುದು, ಹೆಚ್ಚುತ್ತದೆಯೇ?

ಉತ್ತರ 1: ಗಾಮಾ-ಪ್ರೈಮ್‌ನ ಜಾಲಕವು (ಪರಮಾಣುಗಳು ಜೋಡಿಸಿಕೊಂಡ ಚೌಕಟ್ಟು) ಗಾಮಾದ ಜಾಲಕಕ್ಕಿಂತ ತುಸು ಚಿಕ್ಕದು. ಆದ್ದರಿಂದ ಎಳೆತಕ್ಕೆ ಲಂಬವಾಗಿರುವ ಗಾಮಾ ಕಾಲುವೆಗಳಲ್ಲಿ (ಘನಗಳ ನಡುವಿನ ತೆಳು ಸಂದುಗಳಲ್ಲಿ) ಹೊರೆಯ ಒತ್ತಡಕ್ಕೆ ಈ ಅಳತೆಯ ವ್ಯತ್ಯಾಸದಿಂದ ಹುಟ್ಟಿದ ಒತ್ತಡವೂ ಸೇರಿ, ಡಿಸ್‌ಲೊಕೇಷನ್‌ಗಳು (ಹರಳಿನ ಜೋಡಣೆಯಲ್ಲಿನ ಗೆರೆಯಂಥ ದೋಷಗಳು; ಇವು ಸರಿದಾಗ ಲೋಹದ ಆಕಾರ ಬದಲಾಗುತ್ತದೆ) ಮೊದಲು ಅಲ್ಲಿಯೇ ಚಲಿಸುತ್ತವೆ. ಪರಮಾಣುಗಳು ಬೇಗನೆ ವಿಸರಣಗೊಳ್ಳುವಷ್ಟು (ಜಾಗ ಬದಲಿಸುತ್ತ ಹರಡುವಷ್ಟು) ತಾಪಮಾನವಿದ್ದರೆ ಈ ಅಸಮತೆಯೇ ಘನಗಳನ್ನು ಅಡ್ಡಡ್ಡವಾಗಿ ಬೆಸೆಯುತ್ತದೆ. 750 ಡಿಗ್ರಿಯಲ್ಲಿ ವಿಸರಣ ಬಹಳ ನಿಧಾನ.

ಉತ್ತರ 2: ಎರಡನೆಯ ಪ್ರಶ್ನೆಗೆ ಒಂದೇ ಉತ್ತರವಿಲ್ಲ. ಹೆಚ್ಚಿನ ತಾಪಮಾನ ಮತ್ತು ಕಡಿಮೆ ಒತ್ತಡದಲ್ಲಿ, ಡಿಸ್‌ಲೊಕೇಷನ್‌ಗಳು ಘನಗಳನ್ನು ಸುತ್ತುಬಳಸಿ ಏರಿ ದಾಟುವ ದಾರಿಯನ್ನು ಪದರಗಳು ಮುಚ್ಚುವುದರಿಂದ ಕ್ರೀಪ್ ತಗ್ಗಬಹುದು. ಆದರೆ ಹೀಗೆ ಪದರಗೊಂಡ ಲೋಹವನ್ನೇ ಕಡಿಮೆ ತಾಪಮಾನದಲ್ಲಿ ಹೆಚ್ಚಿನ ಒತ್ತಡಕ್ಕೆ ಒಡ್ಡಿದರೆ ಅದು ಸಾಮಾನ್ಯವಾಗಿ ದುರ್ಬಲವಾಗಿರುತ್ತದೆ. ಒಂದೇ ತಾಪಮಾನದ ಪರೀಕ್ಷೆಯಿಂದ ಟರ್ಬೈನ್ ಬ್ಲೇಡಿನ ಆಯುಷ್ಯ ಹೇಳುವವರನ್ನು ನಾನಂತೂ ನಂಬುವುದಿಲ್ಲ.

ಉತ್ತರ 3: ಈ ಮಿಶ್ರಲೋಹದಲ್ಲಿರುವ ಸುಮಾರು ಶೇಕಡಾ 3ರಷ್ಟು ರೀನಿಯಂ ಬಹುಪಾಲು ಗಾಮಾದಲ್ಲಿ ನೆಲೆಸಿ ವಿಸರಣವನ್ನು ತಡೆಹಿಡಿಯುತ್ತದೆ. ಅದನ್ನು ಬೇಕಾದಷ್ಟು ಹೆಚ್ಚಿಸುವಂತಿಲ್ಲ. ಹೆಚ್ಚಾದರೆ ಪೆಡಸಾದ ಟಿಸಿಪಿ ಪ್ರಾವಸ್ಥೆಗಳು (ಪರಮಾಣುಗಳು ಒತ್ತಾಗಿ ಸೇರಿದ, ಬೇಡದ ರಚನೆಗಳು) ಹುಟ್ಟುತ್ತವೆ. ನಾಲ್ಕನೆಯ ಪೀಳಿಗೆಯ ಮಿಶ್ರಲೋಹಗಳಿಗೆ ರುಥೇನಿಯಂ ಸೇರಿಸಿದ್ದು ಅವನ್ನು ಹತ್ತಿಕ್ಕಲೆಂದೇ.